ಅಮ್ಮನ ಕೋಣೆಗೆ ಲೇಪಾಕ್ಷಿಯ ಅಂಚು

ಚಿಲಮತ್ತೂರಿನ ನಮ್ಮ ಮನೆಯಲ್ಲಿ ಮಲಗುವುದಕ್ಕೆಂದೇ ಒಂದು ಕೋಣೆ ಇರಲಿಲ್ಲ. ಬೇಸಿಗೆಯಲ್ಲಿ ಗಂಡಸರು ಮಾಳಿಗೆಯ ಮೇಲೆ, ಚಳಿಗಾಲದಲ್ಲಿ ಜಗಲಿಯ ಮೇಲೆ. ಹೆಂಗಸರು ಮಕ್ಕಳು ವರ್ಷವಿಡೀ ನಡುಮನೆಯಲ್ಲಿ ಚಾಪೆ ಹಾಸಿಕೊಂಡು. ಮನೆಯಲ್ಲಿದ್ದ ಒಳ್ಳೆಯ ಕೋಣೆ, ಗಾಳಿಯಾಡುವ, ಬಿಸಿಲು ನೇರ ಬೀಳದ, ಇರುವೆ ನುಗ್ಗದಂತೆ ಸಂದುಗಳನ್ನೆಲ್ಲ ಮುಚ್ಚಿದ್ದ ಕೋಣೆ ರೇಷ್ಮೆಹುಳುಗಳದ್ದು. ಅದನ್ನು ಹುಳುಮನೆ ಅನ್ನುತ್ತಿದ್ದೆವು. ಪ್ರತಿ ಬೆಳೆ ಮುಗಿದ ಮೇಲೆ ತಟ್ಟೆ, ಹುಳು ಗೂಡು ಕಟ್ಟುವ ಚಂದ್ರಿಕೆಗಳನ್ನೆಲ್ಲ ಹೊರಗೆ ಹಾಕಿ ಗೋಡೆಗೆ ಸುಣ್ಣ ಬಳಿಯುತ್ತಿದ್ದರು. ಹುಳು ಪೊರೆ ಬಿಡಲು ಜ್ವರಕ್ಕೆ ಕೂತಿದ್ದಾಗ ನಾವು ಮಕ್ಕಳು ಆ ಬಾಗಿಲ ಹತ್ತಿರ ಗಟ್ಟಿಯಾಗಿ ಮಾತಾಡುವಂತಿರಲಿಲ್ಲ. ಮನೆಯವರಿಗಿಂತ ಹುಳುಗಳಿಗೇ ಹೆಚ್ಚು ಮರ್ಯಾದೆ ಸಿಗುತ್ತಿದ್ದ ಕಾಲ ಅದು. ಅದರಲ್ಲಿ ತಪ್ಪೇನೂ ಇರಲಿಲ್ಲ, ನಮ್ಮ ಅನ್ನ ಅವುಗಳಿಂದಲೇ ಬರುತ್ತಿತ್ತು.

ತೊಂಬತ್ತರ ದಶಕದ ಕೊನೆಯಲ್ಲಿ ಕೊಳವೆಬಾವಿ ಬತ್ತಿತು, ಹಿಪ್ಪುನೇರಳೆ ಸೊಪ್ಪು ಒಣಗಿತು, ಅಪ್ಪ ಹುಳು ಸಾಕುವುದನ್ನು ನಿಲ್ಲಿಸಿದರು. ಕೋಣೆ ಖಾಲಿಯಾಯಿತು. ಅದೇ ಹೊತ್ತಿಗೆ ಅಮ್ಮ ಹಿತ್ತಲ ಬಚ್ಚಲಕಲ್ಲಿನ ಮೇಲೆ ಜಾರಿ ಬಿದ್ದು ಬೆನ್ನು ನೋಯಿಸಿಕೊಂಡರು. ಗಟ್ಟಿ ಹಲಗೆಯ ಮೇಲೆ ಅಂಗಾತ ಮಲಗಿರಬೇಕು, ಏಳುವುದು ಕೂರುವುದು ಆದಷ್ಟು ಕಡಿಮೆ ಮಾಡಬೇಕು ಅಂದರು ಡಾಕ್ಟರು. ನಡುಮನೆಯಲ್ಲಿ ಬರುವವರು ಹೋಗುವವರ ಕಾಲ ಬುಡದಲ್ಲಿ ಅವರನ್ನು ಮಲಗಿಸುವುದು ಸರಿಯಲ್ಲವೆಂದು ಹುಳುಮನೆಯನ್ನು ತೊಳೆದು ಅಲ್ಲಿ ಹಲಗೆಮಂಚ ಹಾಕಿದೆವು. ಅಲ್ಲಿಗೆ ಹೋದ ಮೇಲೆ ಅಮ್ಮ ಒಂದು ದಿನ ಚಾವಣಿ ನೋಡುತ್ತ ಅಂದರು: "ಪಾಪಾ, ನೀನು ಬೆಂಗಳೂರಾಗೆ ಚಿತ್ರ ಬರೆಯೋದು ಕಲೀತಿದೀಯಲ್ಲ, ಈ ಕಲ್ಲಿನ ಮೇಲೂ ಏನಾದ್ರೂ ಬರೆಯೆ. ನೋಡಿ ನೋಡಿ ಕಣ್ಣು ಬಾಡೋಗದೆ."

ನಾನು ಆಗ ಚಿತ್ರಕಲಾ ಪರಿಷತ್ತಿನಲ್ಲಿ ಓದುತ್ತಿದ್ದೆ. ರಜೆಗೆ ಬಂದಿದ್ದವಳು ಅಮ್ಮನ ಪಕ್ಕ ನಾನೂ ಅಂಗಾತ ಮಲಗಿ ನೋಡಿದೆ. ನಮ್ಮ ಕಡೆಯ ಹಳೇ ಮನೆಗಳ ಹಾಗೆ ನಮ್ಮದೂ ಕಲ್ಲು ಚಪ್ಪಡಿಯ ಮಾಳಿಗೆ. ಎರಡು ದಪ್ಪ ತೊಲೆಗಳ ಮೇಲೆ ಉದ್ದುದ್ದ ಚಪ್ಪಡಿಗಳನ್ನು ಪಕ್ಕಪಕ್ಕ ಜೋಡಿಸಿ, ಸಂದಿಗೆ ಗಾರೆ ತುಂಬಿದ್ದರು. ಕೆಳಗಿನಿಂದ ನೋಡಿದರೆ ಬೂದುಬಣ್ಣದ ಉದ್ದ ಪಟ್ಟಿಗಳು, ನಡುನಡುವೆ ಸುಣ್ಣದ ಗೆರೆ. ಆ ಪಟ್ಟಿಗಳನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿತು. ಎಲ್ಲೋ ಏನು, ನಮ್ಮೂರಿಗೆ ಹತ್ತು ಹನ್ನೆರಡು ಕಿಲೋಮೀಟರ್ ದೂರದ ಲೇಪಾಕ್ಷಿಯಲ್ಲೇ. ವೀರಭದ್ರನ ಗುಡಿಯ ನಾಟ್ಯಮಂಟಪದ ಚಾವಣಿಯೂ ಹೀಗೇ, ತೊಲೆಗಲ್ಲುಗಳ ನಡುವೆ ಉದ್ದುದ್ದ ಪಟ್ಟಿ. ಒಂದೊಂದು ಪಟ್ಟಿಯಲ್ಲಿ ಒಂದೊಂದು ಕಥೆ ಸಾಲಾಗಿ ನಡೆದುಹೋಗುತ್ತದೆ.

ಕೋಣೆಗೆ ಬಣ್ಣ ಮಾಡಿಸುತ್ತಾರಂತೆ ಅನ್ನುವ ಸುದ್ದಿ ಹರಡಿದ ಕೂಡಲೇ ನೆಂಟರಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಹಿಂದೂಪುರದಲ್ಲಿ ಬೆಲ್ಲ ಹುಣಸೆಹಣ್ಣಿನ ವ್ಯಾಪಾರ ಮಾಡುತ್ತಿದ್ದ ನಮ್ಮ ಮಾವ ದಸರಾ ನೋಡಿ ಬಂದಿದ್ದರು. ಮಾಡಿಸುವುದಾದರೆ ಮೈಸೂರು ಅರಮನೆ ಥರಾನೇ ಮಾಡಿಸಿ ಅಂದರು. ಚಿನ್ನದ ಬಣ್ಣ, ಗಾಜಿನ ದೀಪದ ಗೊಂಚಲು, ಕೆಂಪು ಮಖಮಲ್ಲಿನ ಪರದೆ. ಮಾವನ ಆಸೆಯನ್ನು ನಾನು ಹಗುರಾಗಿ ತೆಗೆದುಕೊಳ್ಳಲಿಲ್ಲ. ಆ ಅರಮನೆಯ ಕಲ್ಯಾಣಮಂಟಪದಲ್ಲಿ ನಿಂತು ಮೇಲೆ ನೋಡಿದವರಿಗೆ ನವಿಲುಗಳ ಆ ಬಣ್ಣದ ಗಾಜಿನ ಚಾವಣಿ ಮರೆಯುವಂಥದ್ದಲ್ಲ. ಆದರೆ ಆ ಗಾಜೂ ಅದನ್ನು ಹೊತ್ತ ಕಬ್ಬಿಣದ ಕಂಬಗಳೂ ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ ಹಡಗಿನಲ್ಲಿ ಬಂದವು. 1897ರಿಂದ 1912ರವರೆಗೆ ಒಂದು ಸಂಸ್ಥಾನವೇ ಕಟ್ಟಿಸಿದ ಮನೆ ಅದು. ಅದರ ನಕಲನ್ನು ನಾವು ಮಾಡಿದರೆ ಪೇಂಟಿನ ಅಂಗಡಿಯಲ್ಲಿ ಸಿಗುವ ಡಬ್ಬಿಯ ಚಿನ್ನ ಬಳಿಯಬೇಕು, ಮುಂದಿನ ಯುಗಾದಿಗೆ ಅದು ಕಪ್ಪಾಗುತ್ತದೆ. ಅರಸರ ಕಾಲದ ವೈಭವವೇ ಬೇಕಿದ್ದರೆ ನಮಗೆ ಹತ್ತಿರದ ಅರಸರು ಬೇರೆಯವರಿದ್ದರು.

ವಿಜಯನಗರದ ಅರಮನೆಯ ಮಲಗುವ ಕೋಣೆ ಹೇಗಿತ್ತು ಅನ್ನುವುದಕ್ಕೆ ಕಣ್ಣಾರೆ ಕಂಡವನ ಬರಹವಿದೆ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ ಡೊಮಿಂಗೊ ಪಯಸ್ ಅರಮನೆಯ ಕೆಲವು ಭಾಗಗಳನ್ನು ನೋಡಿದ. ಅವನು ಬರೆದಿಟ್ಟದ್ದು ರಾಬರ್ಟ್ ಸೂಯೆಲ್ ಅವರ 1900ರ ಪುಸ್ತಕದಲ್ಲಿ ಇಂಗ್ಲಿಷಿಗೆ ಬಂತು. ಪರಿಷತ್ತಿನ ಗ್ರಂಥಾಲಯದಲ್ಲಿ ಅದನ್ನು ಓದಿದ್ದೆ. ಮಹಡಿಯ ಮೇಲೆ ಒಂದು ಕೋಣೆ, ಗೋಡೆ ಮೇಲಿನಿಂದ ಕೆಳಗಿನವರೆಗೆ ಪೂರಾ ದಂತ. ಕಂಬಗಳು ಅಡ್ಡತೊಲೆಯನ್ನು ಮುಟ್ಟುವಲ್ಲಿ ದಂತದ ಗುಲಾಬಿ, ದಂತದ ತಾವರೆ. ಇನ್ನೊಂದು ಕಡೆ ಬೆಳ್ಳಿಯ ಸರಪಳಿಗಳಲ್ಲಿ ತೂಗುಹಾಕಿದ ಮಂಚ, ಅದಕ್ಕೆ ಚಿನ್ನದ ಕಾಲು. ಅದರಾಚೆ ಮತ್ತೊಂದು ಮಂಚ, ಚಿನ್ನದ ಸರಪಳಿಯಲ್ಲಿ, ಕಾಲುಗಳಿಗೆ ರತ್ನ ಕೂಡಿಸಿದ್ದು. ಆ ದಂತದ ಕೋಣೆಯಂಥದ್ದು ಬೇರೆಲ್ಲೂ ಸಿಗುವುದು ಕಷ್ಟ ಅಂದಿದ್ದಾನೆ ಪಯಸ್.

ಆ ಕೋಣೆ ಇವತ್ತು ಇಲ್ಲ. 1565ರ ಯುದ್ಧದ ನಂತರ ರಾಜಧಾನಿ ಹಾಳಾಯಿತು, ಅರಸರು ನಮ್ಮ ಪೆನುಕೊಂಡೆಗೆ ಬಂದರು. ದಂತ, ಚಿನ್ನ, ಬೆಳ್ಳಿ, ಮರ ಒಂದೂ ಉಳಿಯಲಿಲ್ಲ. ಉಳಿದದ್ದು ಕಲ್ಲು, ಗಾರೆ, ಮಣ್ಣಿನ ಬಣ್ಣ. ಪೆನುಕೊಂಡೆಯ ಗಗನಮಹಲಿನ ಕಮಾನು ಗೂಡುಗಳಲ್ಲಿ ಇವತ್ತಿಗೂ ಕಾಣುವುದು ಗಾರೆಯ ಕೆಲಸ. ಲೇಪಾಕ್ಷಿಯ ಚಾವಣಿಯಲ್ಲಿ ಉಳಿದಿರುವುದು ಸುಣ್ಣ, ಕೆಮ್ಮಣ್ಣು, ಹಳದಿಮಣ್ಣು, ಮಸಿ. ಇದನ್ನು ಯೋಚಿಸುತ್ತ ಹೋದಾಗ ನನಗೆ ಬಹಳ ಧೈರ್ಯ ಬಂತು. ಆ ವೈಭವದಲ್ಲಿ ಹಣದಿಂದ ಬಂದ ಭಾಗ ಹೋಗಿತ್ತು. ಕೈಯಿಂದ, ನೆಲದಿಂದ ಬಂದ ಭಾಗ ನಿಂತಿತ್ತು. ಆ ನೆಲ ನಮ್ಮದೇ. ಹುಳುಮನೆಯ ಗೋಡೆಗೆ ಬಳಿಯುತ್ತಿದ್ದ ಸುಣ್ಣವೂ ಅಚ್ಯುತರಾಯನ ಕಾಲದಲ್ಲಿ ಲೇಪಾಕ್ಷಿಯ ಗುಡಿ ಕಟ್ಟಿಸಿದ ವಿರೂಪಣ್ಣನ ಚಿತ್ರಕಾರರು ಬಳಸಿದ ಸುಣ್ಣವೂ ಬೇರೆ ಜಾತಿಯ ವಸ್ತುಗಳಲ್ಲ.

ಲೇಪಾಕ್ಷಿಗೆ ಎಷ್ಟು ಸಲ ಹೋದೆನೋ. ಬೆಳಗಿನ ಬಸ್ಸಿಗೆ ಹೋದರೆ ಬಿಸಿಲು ಓರೆಯಾಗಿ ಒಳಗೆ ಬಂದು, ನೆಲದ ಕಲ್ಲಿಗೆ ಬಡಿದು, ಅಲ್ಲಿಂದ ಮೇಲೆ ಹಾಯುತ್ತಿತ್ತು. ಆ ಒಂದು ಗಂಟೆಯಲ್ಲಿ ಚಿತ್ರಗಳು ಕಾಣುವ ಹಾಗೆ ಮತ್ಯಾವಾಗಲೂ ಕಾಣುವುದಿಲ್ಲ. ಎಲ್ಲರೂ ಬಂದು ನೆಲ ಮುಟ್ಟದ ಕಂಬದ ಕೆಳಗೆ ಬಟ್ಟೆ ತೂರಿಸಿ ನೋಡಿ ಹೋಗುತ್ತಾರೆ. ಕತ್ತೆತ್ತುವವರು ಕಡಿಮೆ. ದೇವರ ಮುಂದೆ ಕಾಲು ಚಾಚಿ ಮಲಗುವುದು ಸಲ್ಲ, ಹಾಗಾಗಿ ಕಂಬಕ್ಕೆ ಒರಗಿ ಕೂತು, ಕತ್ತು ಹಿಂದಕ್ಕೆ ಹಾಕಿ, ಮಡಿಲಲ್ಲಿ ಪುಸ್ತಕ ಇಟ್ಟುಕೊಂಡು ನೋಡದೆಯೇ ಗೆರೆ ಎಳೆಯುತ್ತಿದ್ದೆ. ದ್ರೌಪದಿಯ ಸ್ವಯಂವರ, ಕಿರಾತಾರ್ಜುನರ ಹಂದಿಬೇಟೆ, ಪಾರ್ವತಿಯ ಮದುವೆಗೆ ಸಾಲುಗಟ್ಟಿ ಬಂದವರು, ಶಿವಪಾರ್ವತಿಯರ ಪಗಡೆಯಾಟ. ನೆತ್ತಿಯ ಮೇಲೆ ಉದ್ದ ಕುಲಾವಿ ತೊಟ್ಟ ಗಂಡಸರು, ದೊಡ್ಡ ತುರುಬಿನ ಹೆಂಗಸರು, ಬಹುಪಾಲು ಪಕ್ಕನೋಟದ ಮುಖಗಳು. ಕೆಂಪು ಹಿನ್ನೆಲೆ, ಅದರ ಮೇಲೆ ಬಿಳಿ, ಹಳದಿ. ಎಲ್ಲವನ್ನೂ ಕಟ್ಟಿಹಿಡಿಯುವ ಕಪ್ಪು ಗೆರೆ.

ಅಪ್ಪನೂ ಒಮ್ಮೆ ಜೊತೆಗೆ ಬಂದರು. ಅವರಿಗೆ ಚಿತ್ರಕ್ಕಿಂತ ಪ್ರಾಕಾರದ ಗೋಡೆಯ ಕನ್ನಡ ಶಾಸನಗಳ ಮೇಲೆ ಪ್ರೀತಿ. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಲು ನೋಡುತ್ತಿದ್ದರು. ನಮ್ಮ ಸೀಮೆಯ ಸಂಗತಿಯೇ ಹಾಗೆ. ಗಡಿಯ ಆಚೆ ಕರ್ನಾಟಕದ ಬಾಗೇಪಲ್ಲಿಯಲ್ಲಿ ತೆಲುಗು ಮಾತಾಡುವ ಮನೆಗಳು, ಗಡಿಯ ಈಚೆ ಆಂಧ್ರದಲ್ಲಿ ನಮ್ಮಂಥ ಕನ್ನಡ ಮನೆಗಳು. ಅಂಗಡಿಯಲ್ಲಿ ತೆಲುಗು, ಅಡುಗೆಮನೆಯಲ್ಲಿ ಕನ್ನಡ.

ಏನು ಬರೆಯಬೇಕು ಅನ್ನುವುದನ್ನು ತೀರ್ಮಾನಿಸಿದವರು ಅಮ್ಮ. ನಾನು ಪಾರ್ವತಿ ಕಲ್ಯಾಣ ಅಂದುಕೊಂಡಿದ್ದೆ. ನಕ್ಷೆ ತೋರಿಸಿದಾಗ ಅಮ್ಮ ತಲೆ ಆಡಿಸಿದರು. ಮಲಗುವ ಮನೆಯಲ್ಲಿ ದೇವರುಗಳನ್ನು ಬರೆಯಬೇಡ ಅಂದರು. ಮೈಲಿಗೆ ಮಡಿ ಅಂತ ಇರುತ್ತದೆ, ಮೈ ಮೇಲೆ ಬಟ್ಟೆ ಸರಿಯಾಗಿರುವುದಿಲ್ಲ, ನರಳುತ್ತೇವೆ, ಬಯ್ಯುತ್ತೇವೆ, ಅವರ ಕಣ್ಣೆದುರಿಗೆ ಅದೆಲ್ಲ ಆಗಬಾರದು. ನನ್ನ ನಕ್ಷೆಯ ಪುಸ್ತಕವನ್ನು ಎದೆಯ ಮೇಲೆ ಇಟ್ಟುಕೊಂಡು ಹಾಳೆ ತಿರುವುತ್ತ ಹೋದರು. ವಟಪತ್ರಶಾಯಿಯ ಹಾಳೆ ಬಂತು. ಆಲದೆಲೆಯ ಮೇಲೆ ಮಲಗಿ ಕಾಲ ಹೆಬ್ಬೆರಳು ಚೀಪುವ ಆ ಮಗು ಲೇಪಾಕ್ಷಿಯ ಚಾವಣಿಯಲ್ಲಿ ಇದೆ. "ಇವನೊಬ್ಬ ಇರಲಿ. ಅವನೂ ಮಲಗೇ ಅವನೆ, ನಾನೂ ಮಲಗೇ ಇವ್ನಿ. ನಮ್ಮಿಬ್ಬರಿಗೆ ಸರಿಹೋಗ್ತದೆ" ಅಂದರು.

ಮತ್ತೆ ಉಳಿದ ಪಟ್ಟಿಗಳಿಗೆ? ಅಮ್ಮನ ಬೆರಳು ನಿಂತದ್ದು ಪಾರ್ವತಿಯ ಗೆಳತಿಯರ ಸೀರೆಗಳ ಮೇಲೆ. ಲೇಪಾಕ್ಷಿಯ ಚಿತ್ರಗಳಲ್ಲಿ ನನಗೂ ಅತಿ ಹೆಚ್ಚು ಹಿಡಿಸಿದ್ದು ಅದೇ. ಸಾಲಾಗಿ ನಿಂತ ಹೆಂಗಸರಲ್ಲಿ ಒಬ್ಬಳ ಸೀರೆಯ ಹಾಗೆ ಇನ್ನೊಬ್ಬಳದಿಲ್ಲ. ಒಬ್ಬಳದು ಪಟ್ಟೆ, ಒಬ್ಬಳದು ಚೌಕುಳಿ, ಒಬ್ಬಳದು ಹೂ, ಒಬ್ಬಳದು ಹಂಸ. ಚಿತ್ರಕಾರ ಮುಖಗಳನ್ನು ಬಹುಮಟ್ಟಿಗೆ ಒಂದೇ ಅಚ್ಚಿನಲ್ಲಿ ಬರೆದು, ಮನಸ್ಸನ್ನೆಲ್ಲ ಬಟ್ಟೆಯಲ್ಲಿ ಇಟ್ಟಿದ್ದಾನೆ. ಧರ್ಮಾವರದ ಮಗ್ಗಗಳಿಗೆ ಈ ವಿನ್ಯಾಸಗಳು ಹೋಗಿವೆ. ಗುಡಿಯ ಲತಾಮಂಟಪದ ಕಂಬಗಳಲ್ಲಿ ಕೆತ್ತಿದ ಬಳ್ಳಿ, ಹೂ, ಗಿಣಿ, ಚೌಕಗಳೂ ಸೀರೆಯ ಅಂಚಾಗಿ ಊರೂರು ತಿರುಗಿವೆ. ಹಾಗಾದರೆ ಚಾವಣಿಯ ಒಂದೊಂದು ಚಪ್ಪಡಿಯೂ ಒಂದೊಂದು ಸೀರೆಯಾಗಲಿ ಅನ್ನಿಸಿತು. ಚಪ್ಪಡಿಯ ಉದ್ದಕ್ಕೆ ಮೈ, ಸಂದಿಯ ಎರಡೂ ಕಡೆ ಅಂಚು, ತೊಲೆಯ ಹತ್ತಿರ ಸೆರಗು. ನಡುವಿನ ಪಟ್ಟಿಯಲ್ಲಿ ಮಾತ್ರ ಆಲದೆಲೆಯ ಮಗು. ರೇಷ್ಮೆಹುಳು ಸಾಕಿದ ಕೋಣೆಗೆ ಸೀರೆಯ ಚಾವಣಿ ಸಲ್ಲುತ್ತದೆ ಅಂತ ಅಪ್ಪ ಒಪ್ಪಿದರು.

ಈಗ ಗಾರೆಯ ಮಾತು. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಬಣ್ಣದ ಆಯುಸ್ಸೆಲ್ಲ ಇರುವುದು ಅದರ ಕೆಳಗಿನ ಗಾರೆಯಲ್ಲಿ. ಕಲ್ಯಾಣದ ಚಾಲುಕ್ಯ ಮೂರನೇ ಸೋಮೇಶ್ವರನ ಮಾನಸೋಲ್ಲಾಸ 1129ರ ಸುಮಾರಿನದು. ಚಿತ್ರದ ಮಾತು ಎತ್ತುವ ಮೊದಲು ಅದು ಗೋಡೆಯನ್ನು ನಯಮಾಡಿ, ಎಮ್ಮೆಯ ತೊಗಲು ಬೇಯಿಸಿ ತೆಗೆದ ವಜ್ರಲೇಪದ ಅಂಟು ಕೂಡಿಸಿ, ಬಿಳಿಮಣ್ಣು ಬಳಿಯುವುದನ್ನು ಹೇಳುತ್ತದೆ. ಅದೇ ಗ್ರಂಥ ಅರಸನ ಸುಖಗಳನ್ನು ಎಣಿಸುವಾಗ ಶಯ್ಯೆಗೂ ಒಂದು ಅಧ್ಯಾಯ ಕೊಟ್ಟಿದೆ. ಗಾರೆ ಕೆಲಸಕ್ಕೆ ಬಂದ ನಮ್ಮ ಮೇಸ್ತ್ರಿ ಗ್ರಂಥ ಓದಿದವರಲ್ಲ, ಗೋಪುರದ ಗೊಂಬೆಗಳನ್ನು ಮಾಡಿದ ಕೈ. ತೆಲುಗಿನಲ್ಲಿ ಮಾತಾಡುತ್ತಿದ್ದರು, ಅಮ್ಮ ಮಲಗಿದ್ದಲ್ಲಿಂದಲೇ ಕನ್ನಡದಲ್ಲಿ ಉತ್ತರ ಕೊಡುತ್ತಿದ್ದರು, ಇಬ್ಬರಿಗೂ ತೊಡಕಿರಲಿಲ್ಲ. ಅವರು ಹೇಳಿದ ಮೊದಲ ಮಾತು, ಸಿಮೆಂಟು ಈ ಕೋಣೆಯ ಹತ್ತಿರ ಬರಬಾರದು ಅಂತ. ಹಳೆಯ ಕಲ್ಲು ಮಳೆಗಾಲದಲ್ಲಿ ತೇವ ಕುಡಿಯುತ್ತದೆ, ಬೇಸಿಗೆಯಲ್ಲಿ ಬಿಡುತ್ತದೆ. ಸುಣ್ಣದ ಗಾರೆ ಆ ತೇವವನ್ನು ಹೊರಗೆ ಹೋಗಲು ಬಿಡುತ್ತದೆ. ಸಿಮೆಂಟು ಅದನ್ನು ಒಳಗೇ ತಡೆದು ಆಮೇಲೆ ಪದರಪದರವಾಗಿ ಕಳಚಿ ಬೀಳುತ್ತದೆ.

ಸುಟ್ಟ ಸುಣ್ಣದಕಲ್ಲು ತಂದು, ಹಿತ್ತಲಲ್ಲಿ ಗುಂಡಿ ತೋಡಿ, ನೀರು ಬಿಟ್ಟು ಅರಳಿಸಿದರು. ಕುದ್ದು ಹಬೆ ಎದ್ದು, ಆರಿದ ಮೇಲೆ ಬೆಣ್ಣೆಯ ಹಾಗೆ ಕೂತಿತು. ಅದನ್ನು ನೀರಿನ ಕೆಳಗೇ ಕೊಳೆಯಲು ಬಿಡಬೇಕು, ಎಷ್ಟು ಹಳೆಯದಾದರೆ ಅಷ್ಟು ನಯ. ಅಳಲೆಕಾಯಿ ಜಜ್ಜಿ, ಹಿಂದೂಪುರದಿಂದ ಮಾವ ಕಳಿಸಿದ ಬೆಲ್ಲದ ಜೊತೆ ಹಂಡೆಯಲ್ಲಿ ನೆನೆಹಾಕಿ ಹುಳಿ ಬರಿಸಿದರು. ಆ ನೀರಿನಲ್ಲಿ ಸುಣ್ಣ ಮರಳು ಕಲಸಿದರೆ ಗಾರೆ ಗಟ್ಟಿಯಾಗಿ ಹಿಡಿಯುತ್ತದೆ. ಮೈಸೂರು ಅರಮನೆ ಬೇಕೆಂದಿದ್ದ ಮಾವನಿಗೆ ತನ್ನ ಮಂಡಿಯ ಬೆಲ್ಲ ಚಾವಣಿಗೆ ಹೋಗುತ್ತಿರುವುದು ಎಷ್ಟು ಸಂತೋಷ ಕೊಟ್ಟಿತೆಂದರೆ, ಬೇಡವೆಂದರೂ ಇನ್ನೊಂದು ಮೂಟೆ ಕಳಿಸಿದರು. ಚಪ್ಪಡಿಯ ಅಡಿಗೆ ಉಳಿಯಿಂದ ಕಚ್ಚು ಹೊಡೆದು ಒರಟು ಮಾಡಿ ಮೊದಲ ಕೈ ಹಚ್ಚಿದರು. ಮೇಲಿನ ತೆಳುವಾದ ಕೈಗೆ ಗಾರೆಯನ್ನು ಒರಳಿನಲ್ಲಿ ಹಿಟ್ಟಿನಷ್ಟು ನುಣ್ಣಗೆ ಅರೆಯಿಸಿ, ಕರಣೆಯಿಂದ ಎಳೆದು, ಹೊಳೆಯ ನುಣುಪುಕಲ್ಲಿನಿಂದ ಉಜ್ಜಿದರು. ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಎಳೆದುಕೊಂಡು ಮತ್ತೆ ಕಲ್ಲಾಗುತ್ತದೆ ಅನ್ನುವುದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಅದು ಕಲ್ಲಾಗುವುದನ್ನು ಉಗುರಿನಿಂದ ಒತ್ತಿ ಒತ್ತಿ ನೋಡಿ ಗೊತ್ತುಮಾಡಿಕೊಳ್ಳುವುದನ್ನು ಮೇಸ್ತ್ರಿ ಕಲಿಸಿದರು.

ಈ ಕೆಲಸ ನಡೆಯುವಷ್ಟು ಕಾಲ ಅಮ್ಮನನ್ನು ನಡುಮನೆಗೆ ತಂದಿದ್ದೆವು. ಅಲ್ಲಿಂದಲೇ ಕೂಗಿ ಕೇಳುವರು, "ಎಲ್ಲಿಗೆ ಬಂತಮ್ಮಾ?"

ತೊಲೆಗಳು ಗೋಡೆ ಸೇರುವ ಕಡೆ ಮೇಸ್ತ್ರಿ ಗಾರೆಯಲ್ಲಿ ಒಂದೊಂದು ತಾವರೆ ಎತ್ತಿದರು. ಪಯಸ್ ಕಂಡ ದಂತದ ತಾವರೆಗಳೂ ಇಂಥ ಜಾಗದಲ್ಲೇ ಇದ್ದವು ಅಂತ ಹೇಳಿದಾಗ ಆ ದಂತದ ಬಣ್ಣ ಎಂಥದು ಅಂತ ಕೇಳಿದರು. ಅಚ್ಚ ಬಿಳಿಯಲ್ಲ, ಹಳೆಯ ಹಲ್ಲಿನ ಬಣ್ಣ ಅಂದೆ. ಸುಣ್ಣಕ್ಕೆ ಚಿಟಿಕೆ ಹಳದಿಮಣ್ಣು ಸೇರಿಸಿ ಅಂಗೈ ಮೇಲೆ ಬಳಿದು ತೋರಿಸಿದರು. ಗೋಡೆಗಳಿಗೆ ಅದನ್ನೇ ಬಳಿದೆವು. ಬೇರೇನೂ ಇಲ್ಲ, ನಾಲ್ಕೂ ಗೋಡೆ ಖಾಲಿ. ಮಲಗಿರುವವರಿಗೆ ಗೋಡೆ ಕಣ್ಣಂಚಿನಲ್ಲಿ ಮಾತ್ರ ಇರುತ್ತದೆ, ಅಲ್ಲಿ ಗದ್ದಲವಿದ್ದರೆ ನೆಮ್ಮದಿ ಹೋಗುತ್ತದೆ. ಲೇಪಾಕ್ಷಿಯಲ್ಲೂ ಅಷ್ಟೇ, ಅಷ್ಟೊಂದು ಹೂ ಬಳ್ಳಿ ಮುಖ ಕುಲಾವಿಗಳ ನಡುವೆ ಕಣ್ಣು ದಣಿಯದೆ ಇರುವುದು ಹಿನ್ನೆಲೆಯ ಆ ಒಂದೇ ಕೆಂಪಿನಿಂದ. ಅಲಂಕಾರ ದಟ್ಟವಾಗಿರಬೇಕಾದರೆ ಅದಕ್ಕೆ ಸುತ್ತ ಬಯಲು ಬೇಕು. ಈಗ ಮದುವೆ ಛತ್ರಗಳಲ್ಲಿ, ಹೊಸ ಮನೆಗಳಲ್ಲಿ ರಾಜವೈಭವ ಅಂತ ಮಾಡಿಸುವುದನ್ನು ನೋಡಿದಾಗ ನನಗೆ ಕೊರತೆ ಕಾಣುವುದು ಆ ಬಯಲಿನದೇ. ಗೋಡೆ, ಬಾಗಿಲು, ಪರದೆ, ಮಂಚದ ತಲೆ, ಎಲ್ಲವೂ ಏಕಕಾಲಕ್ಕೆ ಮಾತಾಡುತ್ತಿರುತ್ತವೆ.

ಬಣ್ಣಗಳನ್ನು ಆದಷ್ಟೂ ನಮ್ಮ ಸುತ್ತಲಿಂದಲೇ ಕೂಡಿಸಿದೆ. ಕೆಮ್ಮಣ್ಣು ಜರಡಿ ಹಿಡಿದು, ನೀರಲ್ಲಿ ಕದಡಿ, ಮೇಲೆ ತೇಲುವ ನಯವಾದ ಭಾಗವನ್ನು ಮಾತ್ರ ಬಸಿದು ಒಣಗಿಸಿದೆ. ಹಳದಿಮಣ್ಣಿಗೂ ಹಾಗೆಯೇ. ಕಪ್ಪಿಗೆ ಎಣ್ಣೆದೀಪದ ಮೇಲೆ ಮಣ್ಣಿನ ಮುಚ್ಚಳ ಕವುಚಿ ಹಿಡಿದ ಮಸಿ. ಹಳದಿಗೆ ಅರಿಶಿನ ಹಾಕಬಹುದಲ್ಲ ಅಂತ ಪಕ್ಕದ ಮನೆಯ ಅತ್ತೆ ಕೇಳಿದರು. ಅಮ್ಮನೇ ನಕ್ಕರು. ಅರಿಶಿನಕ್ಕೆ ಸುಣ್ಣ ಸೋಕಿದರೆ ಆರತಿಯ ಓಕುಳಿ ನೀರಿನ ಹಾಗೆ ಕೆಂಪಾಗುತ್ತದೆ, ಆಮೇಲೆ ಬಿಸಿಲಿಗೆ ಬಣ್ಣವೇ ಹೋಗುತ್ತದೆ. ಸುಣ್ಣದ ಜೊತೆ ಬಾಳುವುದು ಮಣ್ಣಿನ ಬಣ್ಣಗಳೇ. ಎಲೆಯ ಹಸಿರು, ಹೂವಿನ ಕೆಂಪು ಅದರ ಖಾರಕ್ಕೆ ನಿಲ್ಲವು. ಲೇಪಾಕ್ಷಿಯ ಬಣ್ಣಗಳು ಯಾಕೆ ಕೆಲವೇ ಇವೆ, ಯಾಕೆ ಅಷ್ಟು ಶತಮಾನ ನಿಂತಿವೆ ಅನ್ನುವ ಎರಡು ಪ್ರಶ್ನೆಗೂ ಅಲ್ಲಿ ಒಂದೇ ಉತ್ತರ ಸಿಕ್ಕಿತು.

ಗಾರೆ ಒಣಗಿದ ಮೇಲೆ ಜಾಲಿಗೋಂದಿನಲ್ಲಿ ಬಣ್ಣ ಕಲಸಿ ಬರೆದೆ. ಸಾರವೆ ಕಟ್ಟಿ, ಹಲಗೆಯ ಮೇಲೆ ನಾನೇ ಅಂಗಾತ ಮಲಗಿದೆ. ಮೊದಲು ಕೆಮ್ಮಣ್ಣಿನಲ್ಲಿ ಅದ್ದಿದ ದಾರವನ್ನು ಈ ತುದಿಯಲ್ಲಿ ನಾನು, ಆ ತುದಿಯಲ್ಲಿ ತಮ್ಮ ಬಿಗಿಯಾಗಿ ಹಿಡಿದು ಚಿಮ್ಮಿಸಿ ಅಂಚಿನ ಗೆರೆ ಹಾಕಿದೆವು. ಹಂಸ, ಗಿಣಿ, ಬಳ್ಳಿಯ ತಿರುವುಗಳನ್ನು ಕಾಗದದ ಮೇಲೆ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ಚಾವಣಿಗೆ ಒತ್ತಿ ಹಿಡಿದು ಇದ್ದಿಲಪುಡಿಯ ಗಂಟಿನಿಂದ ತಟ್ಟಿದರೆ ಚುಕ್ಕಿಗಳ ಸಾಲು ಇಳಿಯುತ್ತಿತ್ತು. ಪುಡಿಯೆಲ್ಲ ಕಣ್ಣಿಗೆ, ಮೂಗಿಗೆ. ಮೊದಲು ಕೆಂಪು ಮೈ, ಆಮೇಲೆ ಹಳದಿ, ಬಿಳಿ, ಕೊನೆಗೆ ಕಪ್ಪು. ಆ ಕೊನೆಯ ಕಪ್ಪು ಗೆರೆ ಬಿದ್ದಾಗಲೇ ಹಂಸ ಹಂಸವಾಗುವುದು. ಉಸಿರು ಹಿಡಿದು ಒಂದೇ ಎಳೆತದಲ್ಲಿ ತೋಳಿನಿಂದ ಎಳೆಯಬೇಕು, ಮಣಿಕಟ್ಟಿನಿಂದ ಎಳೆದರೆ ಗೆರೆ ನಡುಗುತ್ತದೆ. ಚಾವಣಿಗೆ ಬರೆದ ಆ ಹಳೆಯ ಚಿತ್ರಕಾರರು ಎಂಥ ಮೈಕಷ್ಟ ಪಟ್ಟಿರಬೇಕು ಅನ್ನುವುದು ನನ್ನ ಹೆಗಲಿಗೆ ತಿಳಿಯಿತು. ಅವರಲ್ಲಿ ಯಾರ ಹೆಸರೂ ನಮಗೆ ಬಂದಿಲ್ಲ. ಗರ್ಭಗುಡಿಯ ಮುಂದಿನ ಚಾವಣಿಯ ದೊಡ್ಡ ವೀರಭದ್ರನ ಪಾದದ ಬಳಿ ಕಟ್ಟಿಸಿದ ವಿರೂಪಣ್ಣ, ವೀರಣ್ಣರು ಕೈಮುಗಿದು ನಿಂತಿದ್ದಾರೆ. ಬರೆದವರು ತಮ್ಮನ್ನು ಎಲ್ಲೂ ಬರೆದುಕೊಳ್ಳಲಿಲ್ಲ.

ದೀಪಕ್ಕಾಗಿ ನಿಮ್ಮಲಕುಂಟೆಗೆ ಹೋದೆ. ಧರ್ಮಾವರದ ಹತ್ತಿರದ ಆ ಊರಿನಲ್ಲಿ ತೊಗಲುಗೊಂಬೆ ಆಡಿಸುವ ಮನೆತನಗಳಿವೆ. ಪರಿಷತ್ತಿನಲ್ಲಿ ಎಂ.ಎಸ್. ನಂಜುಂಡರಾಯರು ಕೂಡಿಸಿಟ್ಟ ಕರ್ನಾಟಕದ ತೊಗಲುಗೊಂಬೆಗಳನ್ನು ದಿನಾ ನೋಡುತ್ತಿದ್ದವಳಿಗೆ ಅಲ್ಲಿನ ಆಳೆತ್ತರದ ಗೊಂಬೆಗಳನ್ನು ಕಂಡು ಬೆರಗಾಯಿತು. ಮುಖದ ಪಕ್ಕನೋಟ, ಅಗಲವಾದ ಕಣ್ಣು, ಒಡವೆಗಳ ಗೀಳು, ಲೇಪಾಕ್ಷಿಯ ಚಾವಣಿಯಿಂದ ಇಳಿದು ಬಂದವರಂತೆ ಕಂಡರು. ಆಟ ಕರೆಸುವವರು ಕಡಿಮೆಯಾಗಿ, ಅವರಲ್ಲಿ ಹಲವರು ಅದೇ ತೊಗಲಿನಲ್ಲಿ ದೀಪದ ಮುಸುಕು ಮಾಡತೊಡಗಿದ್ದರು. ಹಿರಿಯರೊಬ್ಬರು ಆಡಿನ ತೊಗಲನ್ನು ಹದಮಾಡಿ ಬೆಳಕು ಹಾಯುವಷ್ಟು ತೆಳುವಾಗಿಸಿದ್ದನ್ನು ಬೆಳಕಿಗೆ ಹಿಡಿದು ತೋರಿಸಿದರು. ಸಣ್ಣ ಉಳಿಯಿಂದ ಒಂದೊಂದೇ ತೂತು ಕೊರೆಯುತ್ತ ಒಡವೆ ಇರುವಲ್ಲೆಲ್ಲ ಬೆಳಕು ಬರುವಂತೆ ಮಾಡುತ್ತಾರೆ. ಅಲ್ಲಿಯ ದಳವಾಯಿ ಚಲಪತಿರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂದಾಗ ನನಗೆ ಮನೆಯವರಿಗೇ ಬಂದಷ್ಟು ಹಿಗ್ಗಾಯಿತು. ನಾನು ಕೊಂಡದ್ದು ಹಂಸಗಳ ಸಾಲಿರುವ ಒಂದು ದುಂಡನೆಯ ಮುಸುಕು. ಒಳಗೆ ಸಣ್ಣ ಬಲ್ಬು ಮಾತ್ರ ಹಾಕು, ಕಾವು ಹೆಚ್ಚಾದರೆ ತೊಗಲು ಮುದುಡುತ್ತದೆ ಅಂತ ಹೇಳಿ ಕಳಿಸಿದರು. ರಾತ್ರಿ ಅದನ್ನು ಹಚ್ಚಿದರೆ ತೂತುಗಳಿಂದ ಹೊರಟ ಬೆಳಕಿನ ಚುಕ್ಕಿಗಳು ಚಾವಣಿಯ ಸೀರೆಗಳ ಮೇಲೆ ಹೋಗಿ ಕೂರುತ್ತಿದ್ದವು. ಕರೆಂಟು ಹೋದರೆ ಹಣತೆ.

ತೂಗುಮಂಚದ ಆಸೆ ನನಗೆ ಬಹಳ ಇತ್ತು. ಬೆನ್ನು ನೊಂದವರು ತೂಗುವ ಮಂಚದಿಂದ ಎದ್ದಿಳಿಯುವುದು ಹೇಗೆ ಅಂತ ಅಪ್ಪ ಕೇಳಿದರು, ಅಲ್ಲಿಗೆ ಆ ಮಾತು ನಿಂತಿತು. ಹಲಗೆಮಂಚದ ತಲೆದೆಸೆಗೆ ಮಾತ್ರ ಹಿಂದೂಪುರದ ಬಡಗಿಯೊಬ್ಬರು ಲತಾಮಂಟಪದ ಒಂದು ಕಂಬದ ಬಳ್ಳಿಯನ್ನು ತೇಗದ ಪಟ್ಟಿಯಲ್ಲಿ ಕೆತ್ತಿಕೊಟ್ಟರು.

ಅಮ್ಮ ಮತ್ತೆ ಆ ಕೋಣೆಗೆ ಹೋದ ದಿನದಿಂದ ಮನೆಗೆ ಬರುವವರ ನಡೆಯೇ ಬದಲಾಯಿತು. ಮೊದಲು ಬಾಗಿಲಲ್ಲಿ ನಿಂತು "ಹೆಂಗಿದೀಯಕ್ಕ" ಅಂತ ಕೇಳಿ ಹೋಗುತ್ತಿದ್ದವರು ಈಗ ಒಳಗೆ ಬಂದು, ಚಾಪೆ ಹಾಸಿ, ಅಮ್ಮನ ಮಂಚದ ಪಕ್ಕ ನೆಲದ ಮೇಲೆ ಮಲಗಿಕೊಂಡು ಮಾತಾಡುತ್ತಿದ್ದರು. ಕೂತರೆ ಚಾವಣಿ ಕಾಣುವುದಿಲ್ಲವಲ್ಲ. ಹಂಸದ ಸೀರೆ ನನ್ನ ಮದುವೆಯಲ್ಲಿತ್ತು, ಆ ಚೌಕುಳಿ ನಮ್ಮತ್ತೆಯದು, ಆ ಪಟ್ಟೆಯದನ್ನು ಅಡವಿಟ್ಟು ಬಿತ್ತನೆ ತಂದೆವು ಅಂತ ಒಬ್ಬೊಬ್ಬರೂ ಮೇಲೆ ಬೆರಳು ತೋರಿಸಿ ತಮ್ಮ ಕಥೆ ಹೇಳುತ್ತಿದ್ದರು. ರೋಗಿಯ ಕೋಣೆ ಊರ ಹೆಂಗಸರ ಮಧ್ಯಾಹ್ನದ ಮಾತಿನ ಜಾಗವಾಯಿತು. ಅಮ್ಮನ ಬೆನ್ನು ನಿಧಾನವಾಗಿ ಸುಧಾರಿಸಿತು. ಎದ್ದು ಓಡಾಡುವಂತಾದ ಮೇಲೂ ಅವರು ಮತ್ತೆ ನಡುಮನೆಯಲ್ಲಿ ಮಲಗಲಿಲ್ಲ. ನಲವತ್ತು ವರ್ಷ ಸಂಸಾರ ಮಾಡಿದ ಹೆಂಗಸಿಗೆ ತನ್ನದು ಅನ್ನುವ ಒಂದು ಕೋಣೆ ಸಿಕ್ಕಿದ್ದು ಆಗಲೇ. ಅದು ಅರಸರ ಮರ್ಯಾದೆಯ ಕೋಣೆಯಾಗಿತ್ತು ಅನ್ನುವುದು ನನಗೆ ಇವತ್ತಿಗೂ ಹೆಮ್ಮೆ.

ಆಮೇಲೆ ಬಹಳ ನೀರು ಹರಿದಿದೆ. ಅಪ್ಪ ಅಮ್ಮ ಇಬ್ಬರೂ ಇಲ್ಲ. ಅನಂತಪುರ ಜಿಲ್ಲೆಯಲ್ಲಿದ್ದ ನಮ್ಮೂರು 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಅದೇ ವರ್ಷ ಲೇಪಾಕ್ಷಿಯ ಗುಡಿ ಮತ್ತು ಕಲ್ಲಿನ ಬಸವಣ್ಣ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಸೇರಿದವು, ಅಲ್ಲಿನ ಶಿಲ್ಪದ ಜೊತೆ ಚಿತ್ರಕಲೆಯ ಹೆಸರನ್ನೂ ಹಾಕಿದ್ದಾರೆ. ನಮ್ಮ ಕೋಣೆಯ ಒಂದು ಚಪ್ಪಡಿಯ ಸಂದಿಯಲ್ಲಿ ಜೋರು ಮಳೆಗೆ ನೀರು ಇಳಿದು, ಗಿಣಿಗಳ ಪಟ್ಟಿ ಅರ್ಧ ಮಸುಕಾಯಿತು. ಮಾಳಿಗೆಯ ಮೇಲೆ ಮತ್ತೆ ಗಾರೆ ಹಾಕಿಸಿದೆವು, ಗಿಣಿಗಳನ್ನು ನಾನು ತಿದ್ದಿದೆ. ಉಳಿದ ಪಟ್ಟಿಗಳು ಗಟ್ಟಿಯಾಗಿವೆ.

ತಮ್ಮನ ಮಗಳಿಗೆ ಮದುವೆ ಗೊತ್ತಾಗಿದೆ. ಹೊಸದಾಗಿ ಕಟ್ಟುತ್ತಿರುವ ಮನೆಯಲ್ಲಿ ತನ್ನ ಕೋಣೆಗೂ ಸೀರೆಯ ಚಾವಣಿ ಬೇಕು ಅನ್ನುತ್ತಾಳೆ. ಅದು ಕಾಂಕ್ರೀಟಿನ ಚಾವಣಿ, ಚಪ್ಪಡಿಯ ಪಟ್ಟಿಗಳಿಲ್ಲ, ನುಣ್ಣನೆಯ ಪುಟ್ಟಿಯ ಮೇಲೆ ಸುಣ್ಣದ ಗಾರೆ ಕಚ್ಚುವುದಿಲ್ಲ. ಹಾಗಾಗಿ ಪುಟ್ಟಿ ಹಚ್ಚಬೇಡಿ, ಕಾಂಕ್ರೀಟನ್ನು ಒರಟಾಗಿಯೇ ಬಿಟ್ಟು ಕಚ್ಚು ಹೊಡೆಸಿ ಅಂತ ಕಂಟ್ರಾಕ್ಟರಿಗೆ ಹೇಳಿದ್ದೇನೆ. ಪಟ್ಟಿಗಳನ್ನು ಈ ಸಲ ದಾರದಿಂದಲೇ ಬಿಡಿಸಿಕೊಳ್ಳಬೇಕು. ನಮ್ಮ ಮೇಸ್ತ್ರಿಯ ಮಗ ಬಂದು ನೋಡಿಹೋದ, ಆಗುತ್ತದೆ ಅಂದ. ಹಳೇ ಮನೆಯ ಹಿತ್ತಲಲ್ಲಿ ಸುಣ್ಣ ಅರಳಿಸಿ ಗುಂಡಿ ತುಂಬಿದ್ದಾಗಿದೆ. ಹುಡುಗಿ ಒಂದು ಪಟ್ಟಿಗೆ ಅಜ್ಜಿಯ ಮದುವೆಸೀರೆಯ ಅಂಚು, ಇನ್ನೊಂದಕ್ಕೆ ತನ್ನ ಧಾರೆಸೀರೆಯ ಅಂಚು ಅಂತ ಬರೆದುಕೊಟ್ಟಿದ್ದಾಳೆ. ಅಳಲೆಕಾಯಿ ಸಿಕ್ಕಿದೆ, ಹಿಂದೂಪುರದ ಮಂಡಿಯಿಂದ ಬೆಲ್ಲ ತರಿಸಬೇಕು.